ನಂದಿಬಟ್ಟಲಿಗೆ ಇನ್ನು ಔಷಧಿ ಹೊಡೆಯುವುದಿಲ್ಲ

ನಮ್ಮ ನರ್ಸರಿಯ ಎಲ್ಲ ಗ್ರಾಹಕರಿಗೆ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇವೆ. ಜೂನ್ 1ರಿಂದ ಹೂವಿನ ಗಿಡಗಳಿಗೆ ಹುಳದ ಔಷಧಿ ಹೊಡೆಯುವುದನ್ನು ನಿಲ್ಲಿಸುತ್ತಿದ್ದೇವೆ. ಹಾಗಾಗಿ ನಂದಿಬಟ್ಟಲು, ಕಣಗಿಲೆ ಗಿಡಗಳಲ್ಲಿ ಅಲ್ಲಲ್ಲಿ ಕಡಿದ ಎಲೆ ಕಾಣಬಹುದು, ಒಮ್ಮೊಮ್ಮೆ ಒಂದಿಡೀ ಕೊಂಬೆಯೇ ಬೋಳಾಗಿರಬಹುದು. ರೇಟು ಮಾತ್ರ ಅದೇ. ಚೌಕಾಸಿ ಮಾಡುವವರಿಗೆ ಹೊಸ ನೆಪ ಸಿಕ್ಕಿತು ಅಂತ ನಮಗೂ ಗೊತ್ತು!

ತಿನ್ನುವವರು ಯಾರು ಅಂತ ನೋಡಬೇಕಾದರೆ ಮೊದಲು ಗಿಡದ ಬುಡ ನೋಡಿ. ಕಾಳುಮೆಣಸಿನಂಥ ಹಿಕ್ಕೆ ಬಿದ್ದಿದ್ದರೆ ಹುಳ ಮೇಲೇ ಇದೆ. ಬೆರಳುದ್ದ, ಎಲೆಯದೇ ಹಸಿರು, ಬಾಲದ ಕಡೆ ಪುಟ್ಟ ಕೊಂಬು, ಕತ್ತಿನ ಹತ್ತಿರ ಎರಡು ನೀಲಿ ಕಣ್ಣು. ನಿಜವಾದ ಕಣ್ಣಲ್ಲ, ಬರೀ ಚುಕ್ಕೆ. ಮುಟ್ಟಿದರೆ ತಲೆ ಒಳಗೆಳೆದುಕೊಳ್ಳುತ್ತದೆ, ಆಗ ಚುಕ್ಕೆ ಇನ್ನೂ ಎದ್ದು ಕಾಣುತ್ತದೆ. ಹಕ್ಕಿಗಳನ್ನು ಬೆದರಿಸುವ ಉಪಾಯ ಅಷ್ಟೆ. ಕಂಬಳಿಹುಳದ ಹಾಗೆ ತುರಿಕೆ ಇಲ್ಲ, ಆ ಕೊಂಬು ಚುಚ್ಚುವುದೂ ಇಲ್ಲ. ಹೆದ್ದಾರಿ ನಡುವೆ ಕಣಗಿಲೆ ನೆಡುವುದಕ್ಕೆ ದನ ಬಾಯಿ ಹಾಕೋದಿಲ್ಲ ಅನ್ನುವುದೂ ಒಂದು ಕಾರಣ ಅಲ್ವಾ, ಅಷ್ಟು ವಿಷದ ಸೊಪ್ಪನ್ನು ಇದು ಆರಾಮಾಗಿ ಮೇಯುತ್ತದೆ.

ಬಲಿತ ಮೇಲೆ ಹುಳ ಕಂದು ಬಣ್ಣಕ್ಕೆ ತಿರುಗಿ, ಕೆಳಗಿಳಿದು, ತರಗೆಲೆಯ ಅಡಿಯಲ್ಲಿ ಕೋಶ ಕಟ್ಟುತ್ತದೆ. ಹೊರಗೆ ಬರುವುದು ಹಸಿರು, ಬಿಳಿ, ತಿಳಿಗುಲಾಬಿ ಗೆರೆಗಳ ದೊಡ್ಡ ಪತಂಗ. ಮುಸ್ಸಂಜೆಯಲ್ಲಿ ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದನೆಯ ನಾಲಗೆ ಚಾಚಿ ಮಕರಂದ ಹೀರುತ್ತದೆ. ಈ ಗುಂಪಿಗೆ ಹಾಕ್ ಮಾತ್ ಅನ್ನುತ್ತಾರೆ. ಗಂಡು ಹೆಣ್ಣು ಗಿಡ ಬೇರೆ ಬೇರೆ ಇರುವ ಪರಂಗಿಯಲ್ಲಿ ಪರಾಗ ಸಾಗಿಸುವವರಲ್ಲಿ ಇವು ಮುಖ್ಯ. ಆಕಾಶಮಲ್ಲಿಗೆಯ ಹೂವು ರಾತ್ರಿ ಅರಳಿ, ಬೆಳ್ಳಗೆ, ಅಷ್ಟು ಘಮ್ಮಂತ ಇರುವುದು ನಮಗಾಗಿ ಅಲ್ಲ, ಪತಂಗಗಳಿಗಾಗಿ. ಪಿಕಳಾರ, ಟುವ್ವಿಹಕ್ಕಿಗಳು ಮರಿಗಳಿಗೆ ತಿನ್ನಿಸುವುದು ಇಂಥ ಹುಳಗಳನ್ನೇ. ರಾತ್ರಿ ಬಾವಲಿಗಳ ಊಟದಲ್ಲೂ ಪತಂಗ ಇದೆ. ಎಲ್ಲರೂ ಚಿಟ್ಟೆ ಬರುವ ಗಿಡ ಕೊಡಿ ಅಂತ ಕೇಳುತ್ತಾರೆ, ಪತಂಗ ಬರುವ ಗಿಡ ಯಾರೂ ಕೇಳೋದಿಲ್ಲ. ಪ್ರಪಂಚದಲ್ಲಿ ಚಿಟ್ಟೆಗಳಿಗಿಂತ ಪತಂಗದ ಜಾತಿಗಳೇ ಎಷ್ಟೋ ಪಟ್ಟು ಜಾಸ್ತಿ.

ಪತಂಗ ಎಲ್ಲಾ ಒಳ್ಳೆಯದೇ ಅಂತ ನಾವು ಹೇಳುತ್ತಿಲ್ಲ. 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಕಂಡು, ಆಮೇಲೆ ದೇಶವೆಲ್ಲ ಹರಡಿದ ಸೈನಿಕ ಹುಳುವೂ ಪತಂಗದ ಮರಿಯೇ, ಬದನೆಯ ಕಾಯಿಕೊರಕವೂ ಅಷ್ಟೆ. ಆದ್ದರಿಂದ ತರಕಾರಿ ಸಸಿಗಳಿಗೆ ಬೇವಿನೆಣ್ಣೆ ಮೊದಲಿನಂತೆ ಮುಂದುವರಿಯುತ್ತದೆ.

ಇನ್ನೊಂದು ಬದಲಾವಣೆ. ಗೇಟಿನ ದೊಡ್ಡ ಬಿಳಿ ಲೈಟ್ ತೆಗೆದು ಸಣ್ಣ ಹಳದಿ ದೀಪ ಹಾಕಿದ್ದೇವೆ, ಅದೂ ಸಂಜೆ ಏಳೂವರೆಗೆ ಆಫ್. ದೀಪದ ಮೋಹಕ್ಕೆ ಪತಂಗ ಸಾಯುತ್ತದೆ ಅನ್ನುವುದು ಹಳೇ ಮಾತು. 2024ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಹಾರುವ ಹುಳಗಳು ಬೆಳಕಿನ ಕಡೆ ಬೆನ್ನು ಮಾಡಿಕೊಳ್ಳುತ್ತವೆ, ಆಕಾಶ ಯಾವ ಕಡೆ ಅಂತ ತಿಳಿಯುವುದು ಅದರಿಂದಲೇ. ಹತ್ತಿರದಲ್ಲಿ ಬಲ್ಬ್ ಇದ್ದರೆ ಲೆಕ್ಕ ತಪ್ಪಿ ಅಲ್ಲೇ ಗಿರಕಿ ಹೊಡೆಯುತ್ತವೆ. ನಮ್ಮ ಗೇಟಿನಲ್ಲಿ ಬೆಳಿಗ್ಗೆ ಗುಡಿಸಿದಾಗ ಸಿಗುತ್ತಿದ್ದ ರೆಕ್ಕೆಗಳ ರಾಶಿ ಸಾಕಾಗಿತ್ತು. ಸಂಜೆ ಬರುವವರು ದಯವಿಟ್ಟು ಏಳರೊಳಗೆ ಬನ್ನಿ.

ಮನೆಗೆ ಒಯ್ದ ಗಿಡದಲ್ಲಿ ಹುಳ ಕಂಡರೆ ಸುಮ್ನೆ ಬಿಡಿ, ಬೇರು ಗಟ್ಟಿಯಿದ್ದರೆ ನಂದಿಬಟ್ಟಲು ಮತ್ತೆ ಚಿಗುರುತ್ತದೆ. ಬುಡದ ತರಗೆಲೆ ಗುಡಿಸಬೇಡಿ. ಎಳೆ ಗಿಡವಾದರೆ ಹುಳವನ್ನು ಕಡ್ಡಿಯಿಂದೆತ್ತಿ ದೊಡ್ಡ ಗಿಡಕ್ಕೆ ಬಿಡಿ. ತಿಂಗಳಾದರೂ ಚಿಗುರದಿದ್ದರೆ ಕುಂಡ ಸಮೇತ ತನ್ನಿ, ಬೇರೆ ಗಿಡ ಕೊಡುತ್ತೇವೆ, ಬಿಲ್ ಇಲ್ಲದಿದ್ದರೂ ಪರವಾಗಿಲ್ಲ.