ಗೆಳೆಯನಿಗೊಂದು ಪತ್ರ: ಮೊದಲು ನಿನ್ನ ಪರೀಕ್ಷೆ ಆಗಲಿ

ಪ್ರಿಯ ಗೆಳೆಯ,

ಮುಂದಿನ ತಿಂಗಳು ನಿನ್ನ ಹೆಂಡತಿಗೆ ಲ್ಯಾಪರೊಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಿಂದ ಒಳಗೆ ನೋಡುವ ಪರೀಕ್ಷೆ) ಮಾಡಬೇಕೆಂದು ವೈದ್ಯರು ಹೇಳಿದ್ದಾರೆ ಎಂದು ಮೊನ್ನೆ ಫೋನಿನಲ್ಲಿ ತಿಳಿಸಿದೆ. ಮಕ್ಕಳಾಗಲಿಲ್ಲವೆಂದು ಈ ನಾಲ್ಕು ವರ್ಷಗಳಲ್ಲಿ ಆಕೆಗೆ ಎಷ್ಟು ಸಲ ಸ್ಕ್ಯಾನಿಂಗ್ ಆಯಿತು, ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಕ್ಸ್‌ರೇ ದಿನ ಆಕೆ ಎಷ್ಟು ನೋವು ತಿಂದಳು ಎಂಬುದನ್ನೂ ಹೇಳಿದೆ. ನಿನ್ನ ವೀರ್ಯ ಪರೀಕ್ಷೆ ಆಗಿದೆಯೇ ಎಂದು ನಾನು ಕೇಳಿದಾಗ ಮಾತ್ರ, "ನನಗೇನೂ ತೊಂದರೆ ಇಲ್ಲ ಬಿಡೋ" ಎಂದು ಮಾತು ಬದಲಿಸಿದೆ. ಆಗ ಹೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ನಿನ್ನ ಹೆಸರನ್ನು ಎಲ್ಲಿಯೂ ಹಾಕಿಲ್ಲ. ನಮ್ಮ ಹಾಗೆಯೇ ಬಾಯಿ ಬಿಡದೆ ಕುಳಿತ ಇನ್ನೂ ಕೆಲವರು ಓದಲಿ ಎಂದು ಇದನ್ನು ಎಲ್ಲರೂ ನೋಡುವಂತೆ ಇಟ್ಟಿದ್ದೇನೆ.

ತೊಂದರೆ ಇಲ್ಲ ಎಂದು ನೀನು ಯಾವ ಅರ್ಥದಲ್ಲಿ ಹೇಳಿದೆ ಎಂಬುದು ನನಗೆ ಗೊತ್ತು, ಏಕೆಂದರೆ ನಾನೂ ಅದೇ ಅರ್ಥದಲ್ಲಿ ಹೇಳುತ್ತಿದ್ದೆ. ದಾಂಪತ್ಯ ಸುಖಕ್ಕೆ ಅಡ್ಡಿಯಿಲ್ಲ, ಆದ್ದರಿಂದ ನನ್ನಲ್ಲಿ ದೋಷವಿಲ್ಲ ಎಂಬ ನಂಬಿಕೆ ಅದು. ಆದರೆ ಲೈಂಗಿಕ ಸಾಮರ್ಥ್ಯವೇ ಬೇರೆ, ವೀರ್ಯದಲ್ಲಿ ವೀರ್ಯಾಣುಗಳು ಇರುವುದೇ ಬೇರೆ. ವೀರ್ಯದ ಬಹುಪಾಲು ದ್ರವ ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಿಂದ ಬರುವುದರಿಂದ, ಒಂದೂ ವೀರ್ಯಾಣು ಇಲ್ಲದ ವೀರ್ಯವೂ ಕಣ್ಣಿಗೆ ಎಂದಿನಂತೆಯೇ ಕಾಣುತ್ತದೆ. ಸೂಕ್ಷ್ಮದರ್ಶಕದ ಅಡಿಯಲ್ಲಿ ಇಟ್ಟು ನೋಡದೆ ಯಾವ ಗಂಡಸೂ ತನ್ನ ಬಗ್ಗೆ ಖಚಿತವಾಗಿ ಹೇಳಲಾರ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಭಾಗದ ಕಾರಣವೂ ಸೇರಿರುತ್ತದೆ, ಐದರಲ್ಲಿ ಒಂದು ಕಡೆ ಅದೊಂದೇ ಕಾರಣವಾಗಿರುತ್ತದೆ. ಆದರೂ ನಮ್ಮ ಭಾಷೆಯಲ್ಲಿ ಬಂಜೆ ಎಂಬ ಪದ ಹೆಣ್ಣಿಗೆ ಮಾತ್ರ ಇದೆ. ಗಂಡಿನ ವಿಷಯ ಬಂದಾಗ ಆಕೆಯ ಪದವನ್ನೇ ಎರವಲು ತಂದು ಪುರುಷ ಬಂಜೆತನ ಎನ್ನುತ್ತೇವೆ. ಅಶ್ವತ್ಥಕಟ್ಟೆ ಸುತ್ತುವವಳೂ ಅವಳೇ, ತೊಟ್ಟಿಲು ಶಾಸ್ತ್ರದಲ್ಲಿ ಹಿಂದೆ ಸರಿದು ನಿಲ್ಲುವವಳೂ ಅವಳೇ.

ನನ್ನ ಮಗಳ ನಾಮಕರಣಕ್ಕೆ ನೀನು ಬಂದಿದ್ದೆ. ಅದಕ್ಕೂ ಹಿಂದಿನ ಕತೆಯನ್ನು ನಿನಗೆ ಹೇಳಿರಲಿಲ್ಲ. ಎರಡು ವರ್ಷ ನನ್ನವಳೊಬ್ಬಳೇ ಪರೀಕ್ಷೆ ಮಾಡಿಸಿಕೊಂಡಳು, ಮಾತ್ರೆ ನುಂಗಿದಳು. ಕೊನೆಗೊಮ್ಮೆ ನಾನು ಒಂದು ಲ್ಯಾಬ್‌ಗೆ ಹೋದೆ. ಮಿಲಿಲೀಟರಿಗೆ 40 ಲಕ್ಷ ವೀರ್ಯಾಣುಗಳು, ಅಂದರೆ ಇರಬೇಕಾದದ್ದಕ್ಕಿಂತ ಬಹಳ ಕಡಿಮೆ ಎಂಬ ವರದಿ ಕೈಗೆ ಬಂತು. ಹನ್ನೊಂದು ದಿನ ಅದನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ಅಡಗಿಸಿಟ್ಟೆ. ಆ ಹನ್ನೊಂದು ದಿನಗಳ ಬಗ್ಗೆ ಇಂದಿಗೂ ನನಗೆ ನಾಚಿಕೆಯಿದೆ. ಆ ಪರೀಕ್ಷೆಗೆ ಆರು ವಾರ ಮೊದಲು ನನಗೆ ಡೆಂಗಿ ಜ್ವರ ಬಂದಿತ್ತು, ಆದರೆ ಆ ಲ್ಯಾಬ್‌ನಲ್ಲಿ ಅದನ್ನು ಯಾರೂ ಕೇಳಲಿಲ್ಲ. ಆಮೇಲೆ ಕಂಡ ಮೂತ್ರರೋಗ ತಜ್ಞರು ಮೊದಲು ಕೇಳಿದ್ದೇ ಜ್ವರದ ಬಗ್ಗೆ. ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು, ಹೊರಬರುವಷ್ಟು ಬಲಿಯಲು ಇನ್ನೂ ಕೆಲವು ದಿನ. ಹಾಗಾಗಿ ಇಂದಿನ ವರದಿ ಹೇಳುವುದು ಕಳೆದ ಮೂರು ತಿಂಗಳ ಆರೋಗ್ಯವನ್ನು ಎಂದು ಅವರು ವಿವರಿಸಿದರು. ಬಳಿಕ ನನ್ನನ್ನು ಎದ್ದು ನಿಲ್ಲಿಸಿ, ಕೈಯಿಂದ ಮುಟ್ಟಿ ನೋಡಿ, ಎಡ ವೃಷಣದ ಮೇಲೆ ರಕ್ತನಾಳಗಳು ಗಂಟುಗಂಟಾಗಿ ಉಬ್ಬಿರುವುದನ್ನು ಗುರುತಿಸಿದರು. ವೇರಿಕೋಸೀಲ್ ಎನ್ನುವ ಈ ಸ್ಥಿತಿ ಸುಮಾರು ನೂರರಲ್ಲಿ ಹದಿನೈದು ಗಂಡಸರಲ್ಲಿ ಇರುತ್ತದೆ, ಹೆಚ್ಚಿನವರಿಗೆ ಅದರಿಂದ ಏನೂ ಆಗುವುದಿಲ್ಲ. ಕೆಲವರಲ್ಲಿ ಮಾತ್ರ ವೃಷಣದ ಶಾಖ ಏರಿ ಉತ್ಪತ್ತಿ ಕುಗ್ಗುತ್ತದೆ. ಮೂರು ತಿಂಗಳ ನಂತರದ ಎರಡನೆಯ ವರದಿಯಲ್ಲಿ ಎಣಿಕೆ ಏರಿದ್ದರೂ ಸಾಲದಾಗಿದ್ದರಿಂದ ಸಣ್ಣದೊಂದು ಶಸ್ತ್ರಚಿಕಿತ್ಸೆ ಆಯಿತು. ಎಲ್ಲರಿಗೂ ಅದು ಬೇಕಾಗುವುದಿಲ್ಲ, ಎಲ್ಲರಿಗೂ ಅದರಿಂದ ಫಲ ಸಿಗುವುದೂ ಇಲ್ಲ.

ಪರೀಕ್ಷೆಯಲ್ಲಿ ಚುಚ್ಚುವುದಿಲ್ಲ, ನೋವಿಲ್ಲ. ಅದಕ್ಕೆ ಮೊದಲು ಕನಿಷ್ಠ ಎರಡು ದಿನ, ಹೆಚ್ಚೆಂದರೆ ಏಳು ದಿನ ವೀರ್ಯಸ್ಖಲನ ಆಗಿರಬಾರದು. ಲ್ಯಾಬ್‌ನವರು ಕೊಟ್ಟ ಡಬ್ಬಿಯಲ್ಲಿಯೇ ಸಂಗ್ರಹಿಸಬೇಕು. ಸಾಮಾನ್ಯ ಕಾಂಡೋಮ್ ಬಳಸಿದರೆ ಅದರ ರಾಸಾಯನಿಕ ವೀರ್ಯಾಣುಗಳಿಗೆ ಹಾನಿ ಮಾಡುತ್ತದೆ. ಹೆಚ್ಚಿನ ವೀರ್ಯಾಣುಗಳು ಮೊದಲ ಭಾಗದಲ್ಲಿಯೇ ಇರುವುದರಿಂದ ಸ್ವಲ್ಪ ಚೆಲ್ಲಿದರೂ ಮುಚ್ಚಿಡದೆ ಹೇಳು. ಲ್ಯಾಬ್‌ನ ಕೋಣೆ ಮುಜುಗರವೆನಿಸಿದರೆ, ಅವರನ್ನು ಕೇಳಿಕೊಂಡು ಮನೆಯಲ್ಲಿಯೇ ಸಂಗ್ರಹಿಸಿ, ತಣ್ಣಗಾಗದಂತೆ ಅಂಗಿಯ ಒಳಗೆ ಇಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬಹುದು.

ವರದಿ ಬಂದಾಗ ಅಂಕಿಗಳನ್ನು ನೋಡಿ ಎದೆಗುಂದಬೇಡ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಮಿತಿ ಮಿಲಿಲೀಟರಿಗೆ 16 ಮಿಲಿಯನ್, ಅಂದರೆ 1 ಕೋಟಿ 60 ಲಕ್ಷ. ಚಲಿಸುವವು ಶೇಕಡಾ 42. ಸರಿಯಾದ ಆಕಾರದವು ಕೇವಲ ಶೇಕಡಾ 4. ನೂರರಲ್ಲಿ ತೊಂಬತ್ತಾರು ವಿಕಾರವಾಗಿದ್ದರೂ ಅದು ಮಿತಿಯೊಳಗೇ ಎಂದು ತಿಳಿಯದೆ ಎಷ್ಟು ಜನ ನಿದ್ದೆಗೆಟ್ಟಿದ್ದಾರೋ! ಈ ಮಿತಿಗಳನ್ನು ತೆಗೆದದ್ದು, ಪ್ರಯತ್ನ ಆರಂಭಿಸಿ ಒಂದು ವರ್ಷದೊಳಗೆ ತಂದೆಯಾದವರ ವೀರ್ಯವನ್ನು ಅಳೆದು. ಅವರಲ್ಲಿಯೂ ನೂರಕ್ಕೆ ಐದು ಮಂದಿ ಈ ಗೆರೆಯ ಕೆಳಗೇ ಇದ್ದರು. ಒಂದು ವರದಿ ಕೆಟ್ಟದ್ದಾಗಿ ಬಂದರೆ ಎರಡನೆಯದನ್ನು ಮಾಡಿಸದೆ ಯಾವ ತೀರ್ಮಾನಕ್ಕೂ ಬರಬೇಡ. ಒಂದು ವೀರ್ಯಾಣುವೂ ಇಲ್ಲ ಎಂದು ಬಂದರೂ ದಾರಿಗಳಿವೆ. ಉತ್ಪತ್ತಿಯೇ ಇಲ್ಲವೋ, ಅಥವಾ ಉತ್ಪತ್ತಿಯಾಗಿ ದಾರಿಯಲ್ಲಿ ತಡೆಯಾಗಿದೆಯೋ ಎಂಬುದನ್ನು ವೃಷಣದ ಗಾತ್ರ, ಎಫ್‌ಎಸ್‌ಎಚ್ ಮತ್ತು ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನುಗಳ ರಕ್ತಪರೀಕ್ಷೆ, ಬೇಕಾದರೆ ವರ್ಣತಂತುಗಳ ಪರೀಕ್ಷೆ ಇವುಗಳಿಂದ ಬೇರ್ಪಡಿಸುತ್ತಾರೆ. ತಡೆಯಾಗಿದ್ದರೆ ವೃಷಣದಿಂದಲೇ ವೀರ್ಯಾಣು ತೆಗೆದು, ಒಂದನ್ನೇ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನ 1992ರಿಂದಲೂ ಇದೆ.

ಇನ್ನೊಂದು ಮಾತಿದೆ, ಅದಕ್ಕಾಗಿಯೇ ನನಗೆ ಹೆಚ್ಚು ಆತಂಕ. ಕಳೆದ ವರ್ಷ ಜಿಮ್‌ನಲ್ಲಿ ಯಾರೋ ಕೊಡಿಸಿದ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವುದಾಗಿ ಹೇಳಿದ್ದೆಯಲ್ಲ? ಗಂಡಸುತನದ ಹಾರ್ಮೋನು ತಾನೇ, ಒಳ್ಳೆಯದೇ ಆಗುತ್ತದೆ ಎಂದು ನೀನು ತಿಳಿದಿರಬಹುದು, ಆದರೆ ಆಗುವುದು ತದ್ವಿರುದ್ಧ. ಹೊರಗಿನಿಂದ ಹಾರ್ಮೋನು ಬಂದೊಡನೆ, ಸಾಕಷ್ಟು ಇದೆ ಎಂದು ತಿಳಿದ ಮೆದುಳು ವೃಷಣಕ್ಕೆ ಕಳಿಸುವ ಸಂದೇಶವನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು. ನಿಲ್ಲಿಸಿದ ಮೇಲೆ ಬಹುಪಾಲು ಜನರಲ್ಲಿ ಉತ್ಪತ್ತಿ ಮರಳುತ್ತದೆ, ಆದರೆ ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಇದನ್ನು ನಿನ್ನ ಹೆಂಡತಿಯನ್ನು ನೋಡುತ್ತಿರುವ ವೈದ್ಯರಿಗೆ ತಿಳಿಸಿರುವೆಯಾ? ಇಲ್ಲವಾದರೆ ಲ್ಯಾಪರೊಸ್ಕೋಪಿಯ ದಿನ ಗೊತ್ತು ಮಾಡುವ ಮೊದಲೇ ತಿಳಿಸು, ನಿನ್ನ ವರದಿ ಬರುವವರೆಗೆ ಅದನ್ನು ಮುಂದೂಡಬಹುದೇ ಎಂದೂ ಕೇಳು.

ಬರುವ ಶನಿವಾರ ನನಗೆ ರಜೆ ಇದೆ. ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಟು ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಲ್ಯಾಬ್‌ಗೆ ಇಬ್ಬರೂ ಒಟ್ಟಿಗೆ ಹೋಗೋಣ. ನಾನು ಹೊರಗೆ ಕುಳಿತಿರುತ್ತೇನೆ. ನನ್ನ ಎರಡೂ ಹಳೆಯ ವರದಿಗಳನ್ನು ತರುತ್ತೇನೆ, ನೀನೂ ನಿನ್ನ ಹೆಂಡತಿಯೂ ಓದಿ ನೋಡಿ.

ಇಂತಿ ನಿನ್ನ,
ಹಾಸ್ಟೆಲಿನ ಕೋಣೆಯ ಗೆಳೆಯ