‘ಖರಾಬು’ ಅಂದರೆ ಬೇಡದ ಜಾಗವಲ್ಲ

ಮಾನ್ಯರೇ,

ಊರೊಟ್ಟಿನ ಜಾಗಗಳನ್ನೆಲ್ಲ ಸುಮ್ನೆ ‘ಖರಾಬು’ ಎಂದು ಕರೆದು, ಅವುಗಳ ಸ್ವಂತ ಹೆಸರುಗಳನ್ನೇ ಮರೆಯುತ್ತಿದ್ದೇವೆ. ಬಯಲುಸೀಮೆಯಲ್ಲಿ ದನ ಮೇಯುವ ಗೋಮಾಳ, ಊರಿನ ಮರಗಳ ಗುಂಡುತೋಪು. ಉತ್ತರ ಕನ್ನಡದಲ್ಲಿ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ. ಕೊಡಗಿನಲ್ಲಿ ದೇವರಕಾಡು. ಹೆಸರಿನಲ್ಲೇ ಹಕ್ಕೂ ಇದೆ, ಕಟ್ಟುಪಾಡೂ ಇದೆ. ಗುಂಡುತೋಪಿನ ನೆರಳು ದಾರಿಹೋಕರಿಗೂ ಸೇರಿದ್ದು. ಬೆಟ್ಟದ ಸೊಪ್ಪು ಅಡಿಕೆ ತೋಟದವರದ್ದು. ಕಂದಾಯ ಲೆಕ್ಕದಲ್ಲಿ ಖರಾಬು ಎಂದರೆ ಸಾಗುವಳಿಗೆ ಬಾರದ್ದು, ಅಷ್ಟೇ. ದಾರಿ, ಹಳ್ಳ, ಸ್ಮಶಾನವೂ ಅದರಲ್ಲಿ ಸೇರುತ್ತವೆ. ಕೇಳಿದವರಿಗೆ ಮಾತ್ರ ‘ಕೆಟ್ಟ ಜಾಗ’ ಅನ್ನಿಸುತ್ತದೆ, ಅಲ್ವಾ? ಒತ್ತುವರಿ ಮಾಡುವವರಿಗೆ ಅಷ್ಟು ಸಾಕು. ಊರಿನ ಸಾಮುದಾಯಿಕ ಜಮೀನಿನ ಒತ್ತುವರಿ ತೆರವು ಮಾಡುವಂತೆ ಸುಪ್ರೀಂ ಕೋರ್ಟ್ 2011ರಲ್ಲೇ ಎಲ್ಲ ರಾಜ್ಯಗಳಿಗೂ ಹೇಳಿದೆ. ಪಂಚಾಯಿತಿಗಳು ಇಂಥ ಜಾಗಗಳಲ್ಲಿ ಸರ್ವೆ ನಂಬರ್, ವಿಸ್ತೀರ್ಣದ ಜೊತೆಗೆ ಊರವರು ಕರೆಯುವ ಹೆಸರನ್ನೂ ಬರೆದ ಬೋರ್ಡ್ ಹಾಕಲಿ.

– ಒಬ್ಬ ಓದುಗ, ತುಮಕೂರು