ಮುಂದಕ್ಕೆ ಕಾಯಿಲ್‌ಓವರ್, ಹಿಂದಕ್ಕೆ ಪ್ಲೇಟೇ: ಪಿಕಪ್ ಇಟ್ಟುಕೊಂಡಿರುವ ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಮಳೆ ನಿಂತಿದೆ. ಇನ್ನು ಕೆಲವೇ ವಾರಗಳಲ್ಲಿ ಅರೇಬಿಕಾ ಕುಯ್ಲು ಶುರುವಾಗುತ್ತದೆ. ಅಷ್ಟರೊಳಗೆ ಪಿಕಪ್ ರೆಡಿ ಮಾಡಿಸಿಕೊಳ್ಳೋಣ ಅಂತ ನಿಮ್ಮಲ್ಲಿ ಹಲವರು ಫೋನ್ ಮಾಡುತ್ತಿದ್ದೀರಿ. ಈ ಸಲ ಜಾಸ್ತಿ ಜನ ಕೇಳಿದ್ದು ಒಂದೇ ಮಾತು: "ನಾಲ್ಕೂ ಕಡೆ ಕಾಯಿಲ್‌ಓವರ್ ಹಾಕಿಕೊಡಿ." ಅಂದರೆ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಎರಡೂ ಒಂದೇ ಆಗಿರುವ ಸೆಟ್. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಎಲ್ಲರಿಗೂ ಸರಿಯಾಗಿ ಬರೆದು ತಿಳಿಸೋಣ ಅನ್ನಿಸಿತು.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಗ್ಯಾರೇಜಿನಲ್ಲಿ ಎರಡು ಕೆಲಸ ನಿಲ್ಲುತ್ತವೆ. ಮುಂದಿನ ಶಾಕ್ ಮೇಲೆ ಸ್ಪೇಸರ್ (ದಪ್ಪ ಬಿಲ್ಲೆ) ಇಟ್ಟು ಗಾಡಿ ಎತ್ತುವುದು ಒಂದು. ಹಿಂದಿನ ಲೀಫ್ ಪ್ಲೇಟ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಬಿಚ್ಚಿ ಆ ಜಾಗಕ್ಕೆ ಕಾಯಿಲ್‌ಓವರ್ ಕೂರಿಸುವುದು ಇನ್ನೊಂದು. ಇನ್ನು ಮೇಲೆ ಮುಂದಕ್ಕೆ ಪೂರ್ತಿ ಕಾಯಿಲ್‌ಓವರ್ ಸೆಟ್ ಹಾಕುತ್ತೇವೆ. ಹಿಂದೆ ಪ್ಲೇಟ್ ಇದ್ದಲ್ಲೇ ಇರುತ್ತದೆ.

ಸ್ಪೇಸರ್ ವಿಷಯದಲ್ಲಿ ತಪ್ಪು ನಮ್ಮದೇ. ಖರ್ಚು ಕಡಿಮೆ, ಅರ್ಧ ದಿನದಲ್ಲಿ ಮುಗಿಯುತ್ತದೆ ಅಂತ ಎಷ್ಟೋ ಗಾಡಿಗಳಿಗೆ ಹಾಕಿಕೊಟ್ಟೆವು. ಎರಡನೇ ಮಳೆಗಾಲ ಕಳೆಯುವಷ್ಟರಲ್ಲಿ ಅದರಲ್ಲಿ ಕೆಲವು ವಾಪಸ್ ಬಂದವು. ಆ್ಯಕ್ಸಲ್ ಬೂಟ್ (ಕೀಲು ಮುಚ್ಚುವ ರಬ್ಬರ್) ಹರಿದು ಗ್ರೀಸ್ ಎಲ್ಲ ಹೊರಗೆ, ಒಳಗೆ ಕೆಂಪು ಮಣ್ಣು. ಬಾಲ್ ಜಾಯಿಂಟ್ (ಚಕ್ರದ ಗುಂಡು ಕೀಲು) ಸವೆದಿತ್ತು. ಯಾಕೆ ಅಂದರೆ, ಸ್ಪೇಸರ್ ಶಾಕನ್ನು ಇಡೀ ಕೆಳಕ್ಕೆ ತಳ್ಳುತ್ತದೆ. ಗುಂಡಿಗೆ ಬಿದ್ದಾಗ ಚಕ್ರ ಕಂಪನಿ ಇಟ್ಟ ಮಿತಿಗಿಂತ ಕೆಳಗೆ ಜೋತು ಬೀಳುತ್ತದೆ. ಆಗ ಆ್ಯಕ್ಸಲ್ ಮತ್ತು ಬಾಲ್ ಜಾಯಿಂಟ್ ತಮ್ಮ ಕೋನ ಮೀರಿ ಎಳೆದಾಡುತ್ತವೆ. ನಮ್ಮ ಎಸ್ಟೇಟ್ ರಸ್ತೆಗಳಲ್ಲಿ ಇದು ದಿನಕ್ಕೆ ನೂರಾರು ಸಲ ಆಗುತ್ತದೆ. ನಮ್ಮಲ್ಲಿ ಸ್ಪೇಸರ್ ಹಾಕಿಸಿಕೊಂಡವರು ಯಾವಾಗ ಬೇಕಾದರೂ ಬನ್ನಿ. ಬೂಟ್, ಬಾಲ್ ಜಾಯಿಂಟ್, ಬ್ರೇಕ್ ಹೋಸ್ ಮೂರನ್ನೂ ದುಡ್ಡಿಲ್ಲದೆ ನೋಡಿಕೊಡುತ್ತೇವೆ. ಕಾಯಿಲ್‌ಓವರ್‌ಗೆ ಬದಲಾಯಿಸುವುದಾದರೆ ಆಗ ತೆಗೆದುಕೊಂಡಿದ್ದ ಸ್ಪೇಸರ್ ಕೂಲಿಯನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ.

ಕಾಯಿಲ್‌ಓವರ್ ಅಂದರೆ ಶಾಕ್ ಅಬ್ಸಾರ್ಬರ್ ಸುತ್ತಲೇ ಸ್ಪ್ರಿಂಗ್ ಕೂತಿರುವ ಸೆಟ್. ಬೈಕಿನ ಹಿಂದಿನ ಶಾಕ್ ನೋಡಿದ್ದೀರಲ್ಲ, ಅದೇ ಕುಲ. ಇದರ ಮೈಮೇಲೆ ಬೋಲ್ಟಿಗಿರುವಂಥ ಮರೆ (ಥ್ರೆಡ್) ಇರುತ್ತದೆ, ಮರೆಯ ಮೇಲೆ ಬಳೆಯಂಥ ಒಂದು ಕಾಲರ್. ಕಾಲರ್ ತಿರುಗಿಸಿದರೆ ಗಾಡಿಯ ಎತ್ತರ ಬದಲಾಗುತ್ತದೆ. ಇಸುಝು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ಗಳಲ್ಲಿ ಮುಂದೆ ಕಂಪನಿಯೇ ಕಾಯಿಲ್ ಸ್ಪ್ರಿಂಗ್ ಕೊಟ್ಟಿದೆ. ಅಲ್ಲಿ ಚಾಸಿಸ್‌ನ ಆ ಭಾಗ ಗಾಡಿಯ ಭಾರ ಹೊರುವುದಕ್ಕೆಂದೇ ಮಾಡಿದ್ದು. ಹೊಸ ಸೆಟ್ ಹಳೆಯದರ ಜಾಗದಲ್ಲೇ ಕೂರುತ್ತದೆ. ಕೊರೆಯುವುದು, ವೆಲ್ಡ್ ಮಾಡುವುದು ಏನೂ ಇಲ್ಲ. ಸ್ಪ್ರಿಂಗ್‌ಗೆ ತಕ್ಕ ಶಾಕ್ ಇರುವುದರಿಂದ ಗಾಡಿ ಎಗರುವುದೂ ಕಡಿಮೆ.

ಟಾಟಾ ಝೆನಾನ್ ತರದ ಗಾಡಿ ಇರುವವರು ಬೇಸರ ಮಾಡಿಕೊಳ್ಳಬೇಡಿ. ಅವುಗಳ ಮುಂಭಾಗಕ್ಕೆ ನಾವು ಕಾಯಿಲ್‌ಓವರ್ ಹಾಕುವುದಿಲ್ಲ. ಅಲ್ಲಿ ಮುಂದಿನ ಭಾರ ಹೊರುವುದು ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಸರಳು. ಶಾಕ್ ಕೂರುವ ಬ್ರಾಕೆಟ್ ಬರೀ ಕುಲುಕಾಟ ತಡೆಯುವುದಕ್ಕೆ ಇರುವುದು. ಅದೇ ಬ್ರಾಕೆಟ್‌ಗೆ ಸ್ಪ್ರಿಂಗ್ ಕೂರಿಸಿದರೆ ಎಂಜಿನ್ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಇವತ್ತು ಚೆನ್ನಾಗಿ ಕಂಡರೂ ಶಿರಾಡಿ ಘಾಟಿಯ ಇಳಿಜಾರಲ್ಲಿ ಆ ಬ್ರಾಕೆಟ್ ಬಾಯಿ ಬಿಟ್ಟರೆ? ಆ ಕೆಲಸಕ್ಕೆ ನಮ್ಮ ಕೈ ಹೋಗುವುದಿಲ್ಲ.

ಈಗ ಹಿಂಭಾಗ. ಅತಿ ಹೆಚ್ಚು ಚರ್ಚೆ ನಡೆದಿರುವುದು ಇಲ್ಲೇ. ಮುಂದಿನ ಚಕ್ರಗಳ ಮೇಲಿನ ಭಾರ ಹೆಚ್ಚುಕಡಿಮೆ ಒಂದೇ ಇರುತ್ತದೆ. ಎಂಜಿನ್ ಎಲ್ಲಿಗೂ ಹೋಗುವುದಿಲ್ಲ ಅಲ್ವಾ. ಹಿಂದೆ ಹಾಗಲ್ಲ. ಬೆಳಿಗ್ಗೆ ಖಾಲಿ ಗಾಡಿ, ಮಧ್ಯಾಹ್ನ 50 ಕೆಜಿಯ 12 ಮೂಟೆ. ಅಂದರೆ 600 ಕೆಜಿ, ಒಂದೊಂದು ಬದಿಗೆ 300 ಕೆಜಿ ಅಂತಿಟ್ಟುಕೊಳ್ಳಿ. 5 ಕೆಜಿಗೆ ಒಂದು ಮಿಲಿಮೀಟರ್ ಕುಗ್ಗುವ ಸ್ಪ್ರಿಂಗನ್ನು ಆ್ಯಕ್ಸಲ್ ಮೇಲೆ ನೇರ ನಿಲ್ಲಿಸಿದರೆ, ಗಾಡಿ ಗೇಟು ದಾಟುವ ಮೊದಲೇ 60 ಮಿಲಿಮೀಟರ್ ಕುಗ್ಗಿರುತ್ತದೆ. ಗುಂಡಿಗೆ ಉಳಿಯುವುದು ಎಷ್ಟು? ಸರಿ, ಗಟ್ಟಿ ಸ್ಪ್ರಿಂಗ್ ಹಾಕೋಣ ಅಂದರೆ, ಖಾಲಿ ಇದ್ದಾಗ ಹಿಂಭಾಗ ಒದೆಯುತ್ತದೆ. ಚಾರ್ಮಾಡಿಯ ಒದ್ದೆ ತಿರುವಿನಲ್ಲಿ ಅದು ಬಹಳ ಅಪಾಯ.

ಪ್ಲೇಟ್ ಸೆಟ್‌ನಲ್ಲಿ ಇದಕ್ಕೆ ಆಗಲೇ ಉಪಾಯ ಇದೆ. ಕೆಳಗಿನ ದಪ್ಪ ಹೆಲ್ಪರ್ ಪ್ಲೇಟ್ ಗಾಡಿ ಖಾಲಿ ಇದ್ದಾಗ ಸುಮ್ನೆ ಇರುತ್ತದೆ. ಲೋಡ್ ಬಿದ್ದ ಮೇಲೆ ಮೇಲಿನ ಪ್ಲೇಟ್‌ಗಳು ಬಂದು ಅದಕ್ಕೆ ತಾಗುತ್ತವೆ, ಆಮೇಲೆ ಅದೂ ಭಾರ ಹೊರುತ್ತದೆ. ಇನ್ನೂ ಒಂದು ಸಂಗತಿ. ಪ್ಲೇಟ್ ಬರೀ ಸ್ಪ್ರಿಂಗ್ ಅಲ್ಲ, ಆ್ಯಕ್ಸಲನ್ನು ಹಿಂದೆ ಮುಂದೆ, ಆಚೆ ಈಚೆ ಸರಿಯದಂತೆ ಹಿಡಿದಿರುವುದೂ ಅದೇ. ಅದನ್ನು ತೆಗೆದರೆ ಆ್ಯಕ್ಸಲ್ ಹಿಡಿಯಲು ನಾಲ್ಕು ಲಿಂಕ್ (ಸರಳು) ಬೇಕು, ಆಚೆ ಈಚೆ ಓಡಾಡದಂತೆ ಪ್ಯಾನ್‌ಹಾರ್ಡ್ ರಾಡ್ ಎಂಬ ಅಡ್ಡ ಸರಳು ಬೇಕು, ಅಷ್ಟಕ್ಕೂ ಚಾಸಿಸ್‌ಗೆ ಹೊಸ ಬ್ರಾಕೆಟ್ ವೆಲ್ಡ್ ಮಾಡಬೇಕು. ಪ್ಲೇಟ್ ಎರಡು ತುದಿಯಲ್ಲಿ ಹಂಚಿ ಹೊರುತ್ತಿದ್ದ ಭಾರ ಒಂದೇ ಜಾಗಕ್ಕೆ ಬೀಳುತ್ತದೆ.

ಬೇರೆ ಕಡೆ ಹೀಗೆ ಮಾಡಿಸಿದ್ದ ಒಂದು ಪಿಕಪ್ ಹೋದ ವರ್ಷ ನಮ್ಮಲ್ಲಿಗೆ ಬಂತು. ವೆಲ್ಡ್ ಪಕ್ಕದಲ್ಲೇ ಚಾಸಿಸ್ ಸೀಳಿತ್ತು, ಬೆರಳಿನ ಉಗುರು ಒಳಗೆ ಹೋಗುವಷ್ಟು. ಮಾಲೀಕರು ಆ ಗಾಡಿಯಲ್ಲೇ ದಿನಾ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದರು. ಅದನ್ನು ನೋಡಿದ ದಿನವೇ ನಾವು ಈ ತೀರ್ಮಾನಕ್ಕೆ ಬಂದೆವು.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಗಾಡಿ ಬದಲಾಯಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಆದ್ದರಿಂದ ಮುಂದಿನ ಸೆಟ್ ಬದಲಾಯಿಸುವ ಮೊದಲೂ ನಿಮ್ಮ ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ. ಅವರ ಉತ್ತರ ಬಂದ ಮೇಲೆ ಕೆಲಸ ಶುರು ಮಾಡೋಣ.

ಎತ್ತರ ಎಷ್ಟು ಅಂತ ಕೇಳುವವರಿಗೆ: ಎರಡು ಇಂಚು, ಅದಕ್ಕಿಂತ ಜಾಸ್ತಿ ಇಲ್ಲ. ಕಾಲರ್ 10 ಮಿಲಿಮೀಟರ್ ಮೇಲೇರಿಸಿದರೆ ಗಾಡಿ 10 ಮಾತ್ರ ಏಳುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ಸ್ಪ್ರಿಂಗ್ ಕೂರುವುದು ಚಕ್ರವನ್ನು ಚಾಸಿಸ್‌ಗೆ ಜೋಡಿಸುವ ಕೆಳಗಿನ ಆರ್ಮ್‌ನ ನಡುವೆ ಎಲ್ಲೋ, ಚಕ್ರ ಇರುವುದು ತುದಿಯಲ್ಲಿ. ಚಕ್ರ 10 ಚಲಿಸಿದಾಗ ಸ್ಪ್ರಿಂಗ್ 6 ಕುಗ್ಗುವ ಗಾಡಿಯಾದರೆ, ಕಾಲರ್‌ನ 10 ಮಿಲಿಮೀಟರ್‌ಗೆ ಗಾಡಿ ಸುಮಾರು 16-17 ಏಳುತ್ತದೆ. ಹಾಗಾಗಿ ಮನೆಯಲ್ಲಿ ನೀವೇ ತಿರುಗಿಸಬೇಡಿ ಅಂತ ಕೈ ಮುಗಿದು ಕೇಳುತ್ತೇವೆ. ತಿರುಗಿಸಿದರೆ ಅಲೈನ್‌ಮೆಂಟ್ ಹೋಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದು, ಕೆಲವು ಶಾಕ್‌ಗಳ ಒಳಗೆ ಒತ್ತಿ ತುಂಬಿದ ನೈಟ್ರೋಜನ್ ಗ್ಯಾಸ್ ಇರುತ್ತದೆ. ಲೀಕ್ ಕಂಡರೂ ಬಿಚ್ಚಬೇಡಿ, ಬಿಸಿ ತಾಗಿಸಬೇಡಿ.

ಕಾಯಿಲ್‌ಓವರ್‌ಗೆ ಸ್ವಲ್ಪ ಆರೈಕೆ ಬೇಕು, ಮುಚ್ಚಿಡುವುದಿಲ್ಲ. ಮಣ್ಣು ಮರೆಯೊಳಗೆ ಕೂತು ಒಣಗಿದರೆ ಕಾಲರ್ ಜಾಮ್ ಆಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೀರು ಬಿಟ್ಟು ಪ್ಲಾಸ್ಟಿಕ್ ಬ್ರಷ್‌ನಲ್ಲಿ ಉಜ್ಜಿದರೆ ಸಾಕು. ಹಾಕಿಸಿ 500 ಕಿಲೋಮೀಟರ್ ಓಡಿದ ಮೇಲೆ ಒಂದು ಸಲ ತನ್ನಿ, ಬೋಲ್ಟ್ ಬಿಗಿ ನೋಡಿ ಅಲೈನ್‌ಮೆಂಟ್ ಮತ್ತೆ ಪರೀಕ್ಷಿಸುತ್ತೇವೆ. ಅದಕ್ಕೆ ಬೇರೆ ದುಡ್ಡಿಲ್ಲ.

ಹಿಂಭಾಗದ ಬದಲಾವಣೆಗೆ ಅಡ್ವಾನ್ಸ್ ಕೊಟ್ಟವರಿಗೆ ಪೂರ್ತಿ ಹಣ ವಾಪಸ್. ಬೇಕಿದ್ದರೆ ಅದೇ ಹಣದಲ್ಲಿ ಪ್ಲೇಟ್ ಸೆಟ್ ಬಿಚ್ಚಿ ತೊಳೆದು, ಸವೆದ ಬುಷ್ (ಪ್ಲೇಟಿನ ತುದಿಯ ಕೀಲಿನೊಳಗಿನ ಮೆತ್ತೆ), ಯು-ಬೋಲ್ಟ್ ಬದಲಾಯಿಸಿ, ನಿಮ್ಮ ಲೋಡ್‌ಗೆ ಹೊಂದುವ ಶಾಕ್ ಹಾಕಿಕೊಡುತ್ತೇವೆ. ಎಷ್ಟೋ ಗಾಡಿಗಳ ಹಿಂದಿನ ಒದೆತಕ್ಕೆ ಸತ್ತ ಬುಷ್ಷೇ ಕಾರಣ.

ಅಳತೆಗೆ ಬರುವಾಗ ದಯವಿಟ್ಟು ಗಾಡಿ ಖಾಲಿ ತರಬೇಡಿ. ನೀವು ದಿನಾ ಹೇರುವಷ್ಟು ಮೂಟೆ ಹೇರಿಕೊಂಡೇ ಬನ್ನಿ. ಮೊದಲು ಲೋಡ್ ಸಮೇತ ಅಳೆಯುತ್ತೇವೆ, ಆಮೇಲೆ ಇಳಿಸಿ ಅಳೆಯುತ್ತೇವೆ. ಇಳಿಸಿ ಹೇರಲು ನಮ್ಮ ಹುಡುಗರಿದ್ದಾರೆ, ಮಳೆ ಹನಿಸಿದರೆ ಮೂಟೆ ಒಳಗಿಡಲು ಶೆಡ್ಡಿನಲ್ಲಿ ಜಾಗವೂ ಇದೆ.

ಇಂತಿ,
ನಿಮ್ಮ ಗ್ಯಾರೇಜಿನವರು